ಇಂಗ್ಲೆಂಡಿನ ಹಳೆಯ ಕಾರು, ಅದರ ವಿಮೆ: ಹಾಸನದ ಮೆಕ್ಯಾನಿಕ್ ಒಬ್ಬನ ತೀರ್ಪು

ಮೊದಲು ತೀರ್ಪು, ಆಮೇಲೆ ವಿವರ. ಗಾಡಿ ಚೆನ್ನಾಗಿದೆ. ಮಾರಿದ ಅಂಗಡಿಯವನ ಬಾಯಿಮಾತನ್ನು ನಂಬುವಂತಿಲ್ಲ, ಕಾಗದಪತ್ರ ಮಾತ್ರ ಚೊಕ್ಕವಾಗಿದ್ದವು. ವಿಮೆ ಹೊಟ್ಟೆ ಉರಿಸುವಷ್ಟು ದುಬಾರಿ. ಆದರೂ ಕೊಂಡದ್ದು ಸರಿಯಾದ ವಿಮೆಯನ್ನೇ. ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ನನ್ನ ಮಗಳು ಅಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಹೋಂಡಾ ಜಾಝ್ ಬಗ್ಗೆ ಹೇಳುತ್ತಿದ್ದೇನೆ. ಆ ಗಾಡಿಯನ್ನು ನಾನು ಕೈಯಿಂದ ಮುಟ್ಟಿಲ್ಲ. ಹಾಸನದ ಬಿ.ಎಂ. ರಸ್ತೆಯ ಪಕ್ಕದ ನನ್ನ ಗ್ಯಾರೇಜಿನಲ್ಲಿ ಕುಳಿತು, ಫೋನಿನಲ್ಲೇ ಅದರ ಅಡಿಭಾಗದವರೆಗೂ ನೋಡಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದವನಿಗೆ ಅಷ್ಟು ಸಾಕು. ನಮ್ಮ ಕಡೆಯಿಂದ ನರ್ಸಿಂಗ್ ಓದಿ ಹೊರದೇಶಕ್ಕೆ ಹೊರಟ ಮಕ್ಕಳ ತಂದೆತಾಯಂದಿರು ಗಾಡಿ ಸರ್ವಿಸಿಗೆ ಬಂದಾಗ ಇದನ್ನೇ ಕೇಳುತ್ತಾರೆ. ಹಾಗಾಗಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಕಾರು ಯಾಕೆ ಬೇಕಾಯಿತು ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಗಿನ ಪಾಳಿ ಏಳೂವರೆಗೆ ಶುರು, ಭಾನುವಾರ ಆ ಹೊತ್ತಿಗೆ ಅವಳ ಬೀದಿಯ ಕಡೆಗೆ ಬಸ್ಸಿಲ್ಲ. ಜೊತೆಗೆ ಹನ್ನೆರಡು ಮೈಲಿ ಆಚೆಯ ಇನ್ನೊಂದು ಆಸ್ಪತ್ರೆಗೂ ಆಗಾಗ ಕಳುಹಿಸುತ್ತಾರೆ. ಒಂದು ತಿಂಗಳ ಟ್ಯಾಕ್ಸಿ ಖರ್ಚು ಕೇಳಿದ ಮೇಲೆ, ಬೇಡ ಬೇಡ ಎನ್ನುತ್ತಿದ್ದ ಅವಳ ತಾಯಿಯೇ "ಕಾರು ತೆಗೆದುಕೊಳ್ಳಲಿ ಬಿಡಿ" ಎಂದಳು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಯಲ್ಲೇ ಓಡಿಸುವುದು, ಸ್ಟೀರಿಂಗ್ ಬಲಗಡೆಗೆ. ಅದೊಂದು ಭಯ ಇರಲಿಲ್ಲ.

ಹಾಸನದಲ್ಲಿ ನಾವು ಗಾಡಿ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಮುಂಗಡ ಕೊಡುತ್ತೇವೆ, ಕೊನೆಗೆ "ಇನ್ಶೂರೆನ್ಸ್ ಇದೆ ತಾನೇ" ಎಂದು ಕೇಳುತ್ತೇವೆ. ಇಂಗ್ಲೆಂಡಿನಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ವಿಮೆಯ ದರ, ಆಮೇಲೆ ಗಾಡಿ. ಮಗಳು ಮೊದಲು ಇಷ್ಟಪಟ್ಟದ್ದು ಕೆಂಪು ಬಣ್ಣದ, ಸಣ್ಣ ಟರ್ಬೊ ಎಂಜಿನ್ನಿನ ಒಂದು ಗಾಡಿಯನ್ನು. ಬೆಲೆ 3,900 ಪೌಂಡ್. ಅದರ ನೋಂದಣಿ ಸಂಖ್ಯೆಯನ್ನು ವಿಮೆಯ ದರ ಹೋಲಿಸುವ ತಾಣದಲ್ಲಿ ಹಾಕಿದರೆ ವರ್ಷಕ್ಕೆ 2,300 ಪೌಂಡ್ ಎಂದು ಬಂತು. ಅದೇ ವಿಳಾಸ, ಅದೇ ಚಾಲಕಿ, ಹೋಂಡಾ ಜಾಝ್ 1.2 ಹಾಕಿದರೆ 1,280 ಪೌಂಡ್. ಅಲ್ಲಿ ಇಂಥ ಹಳೆಯ ಮಾದರಿಯ ಕಾರುಗಳನ್ನು 1ರಿಂದ 50ರವರೆಗಿನ ವಿಮಾ ಗುಂಪುಗಳಲ್ಲಿ ಯಾವುದಾದರೊಂದಕ್ಕೆ ಸೇರಿಸಿರುತ್ತಾರೆ. ಸಂಖ್ಯೆ ಏರಿದಷ್ಟೂ ಪ್ರೀಮಿಯಂ ಏರುತ್ತದೆ. ಟರ್ಬೊ ಗಾಡಿಯ ಬಗ್ಗೆ ನನಗೆ ಬೇರೆ ತಕರಾರೂ ಇತ್ತು. ಆ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ಹಿಂದಿನ ಮಾಲೀಕ ಸರಿಯಾದ ಆಯಿಲ್ ಅನ್ನು ಹೊತ್ತಿಗೆ ಸರಿಯಾಗಿ ಹಾಕಿಸಿದ್ದಾನೋ ಇಲ್ಲವೋ ಬಲ್ಲವರು ಯಾರು? ಬೆಲ್ಟಿನ ಪುಡಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿದರೆ ಎಂಜಿನ್ ಕೈಬಿಟ್ಟಂತೆಯೇ.

ಪ್ರೀಮಿಯಂ ಅಷ್ಟೊಂದು ಯಾಕೆ ಎಂದರೆ, ವಿಮೆಯ ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳೇ ಹಾಗಿವೆ. ಲೈಸೆನ್ಸ್ ಯಾವ ದೇಶದ್ದು? ಈ ದೇಶಕ್ಕೆ ಬಂದು ಎಷ್ಟು ಕಾಲವಾಯಿತು? ಇಲ್ಲಿ ಕ್ಲೇಮ್ ಮಾಡದೆ ಕಳೆದ ವರ್ಷಗಳೆಷ್ಟು? ಅವಳು ಹಾಸನ–ಸಕಲೇಶಪುರದ ನಡುವೆ ಮಳೆಗಾಲದಲ್ಲೂ ಆಲ್ಟೊ ಓಡಿಸಿದವಳು, ಒಂದು ಗೀರೂ ಬೀಳಿಸಿಲ್ಲ. ಹೊರಡುವ ಮುನ್ನ ಆ ಆಲ್ಟೊವನ್ನು ಅರಸೀಕೆರೆಯ ಮೇಷ್ಟರೊಬ್ಬರಿಗೆ ಮಾರಿದೆವು. ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಸಿ, 14 ದಿನದೊಳಗೆ ವಿಮೆಯನ್ನೂ ಅವರ ಹೆಸರಿಗೆ ವರ್ಗಾಯಿಸಿಕೊಳ್ಳಲು ಹೇಳಿ, ಅವಳ ಶೇ. 50ರ ನೋ ಕ್ಲೇಮ್ ಬೋನಸ್‌ಗೆ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡೆ. ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ. ಈ ಸಂಗತಿ ಇಲ್ಲಿ ಗಾಡಿ ಮಾರುವ ಅರ್ಧ ಜನರಿಗೆ ಗೊತ್ತಿಲ್ಲ. ಮೂರು ವರ್ಷದೊಳಗೆ ವಾಪಸು ಬಂದು ಬೇರೆ ಗಾಡಿ ಕೊಂಡರೆ ಆ ಪತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ? ಹೊರದೇಶದ ಬೋನಸ್ ಒಪ್ಪುವ ಕಂಪನಿಗಳು ಕೆಲವು ಇವೆ, ಆದರೆ ಬಹುಪಾಲು ಕಂಪನಿಗಳಿಗೆ ಅವಳು ಸೊನ್ನೆಯಿಂದ ಶುರು ಮಾಡುವವಳು. ಅವಳಿಗೆ ಬಂದ ಅಗ್ಗದ ದರಗಳಲ್ಲಿ ಒಂದೂ ಆ ಪತ್ರವನ್ನು ಒಪ್ಪಲಿಲ್ಲ.

ಹೋಲಿಸಿ ನೋಡಿ. 1000ದಿಂದ 1500 ಸಿಸಿ ಕಾರಿಗೆ ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಗೆ (ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ) 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರ ವರ್ಷಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಯಾರು ಓಡಿಸಿದರೂ ಅಷ್ಟೇ. ಅಲ್ಲಿ ಥರ್ಡ್ ಪಾರ್ಟಿಗೆ ಅಂಥ ಸರ್ಕಾರಿ ದರವೇ ಇಲ್ಲ. ಇನ್ನೊಂದು ವಿಚಿತ್ರ: ನಾವು ಫಸ್ಟ್ ಪಾರ್ಟಿ ಎನ್ನುವ ಪೂರ್ಣ ವಿಮೆ ಅಲ್ಲಿ ಎಷ್ಟೋ ಸಲ ಬರೀ ಥರ್ಡ್ ಪಾರ್ಟಿಗಿಂತ ಅಗ್ಗವಾಗಿ ಸಿಗುತ್ತದೆ. ಥರ್ಡ್ ಪಾರ್ಟಿ ಮಾತ್ರ ಕೇಳುವವರು ಹೆಚ್ಚು ಅಪಘಾತ ಮಾಡುವವರು ಎಂಬುದು ಕಂಪನಿಗಳ ಲೆಕ್ಕ. ನಾನು ನಂಬಲಿಲ್ಲ. ಮಗಳು ಎರಡನ್ನೂ ಪರದೆಯ ಮೇಲೆ ತೋರಿಸಿದಳು: ಥರ್ಡ್ ಪಾರ್ಟಿ 1,410 ಪೌಂಡ್, ಪೂರ್ಣ ವಿಮೆ 1,280 ಪೌಂಡ್.

ಹಾಸನದವರಿಗೆ ಎಲ್ಲಕ್ಕಿಂತ ಅರಗದ ವಿಷಯ ಬೇರೆ ಇದೆ. ಇಲ್ಲಿ ವಿಮೆ ಗಾಡಿಗೆ. ಲೈಸೆನ್ಸ್ ಇದ್ದು ಮಾಲೀಕರ ಒಪ್ಪಿಗೆ ಇದ್ದರೆ ಅಣ್ಣ, ಭಾವ, ಪಕ್ಕದ ಮನೆಯ ಹುಡುಗ, ಯಾರು ಬೇಕಾದರೂ ಓಡಿಸಬಹುದು. ಅಲ್ಲಿ ಪಾಲಿಸಿಯಲ್ಲಿ ಹೆಸರಿದ್ದವರು ಮಾತ್ರ. "ಕೀಲಿ ಕೊಡು, ಒಂದು ಸುತ್ತು ಹೋಗಿ ಬರುತ್ತೇನೆ" ಎನ್ನುವ ಗೆಳತಿಗೆ ಕೀಲಿ ಕೊಟ್ಟರೆ ಅದು ವಿಮೆಯಿಲ್ಲದ ಚಾಲನೆ. ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ದಂಡದ ಅಂಕ. ಗಾಡಿಯನ್ನು ಎತ್ತಿಕೊಂಡು ಹೋಗುವ ಅಧಿಕಾರವೂ ಪೊಲೀಸರಿಗಿದೆ. ಅವರು ಕೈ ಅಡ್ಡ ಹಾಕಿ ನಿಲ್ಲಿಸಿ ಕಾಗದ ಕೇಳಬೇಕಾಗಿಯೂ ಇಲ್ಲ. ರಸ್ತೆಯ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಗಾಡಿಗೆ ವಿಮೆ ಇಲ್ಲದಿದ್ದರೆ ತಕ್ಷಣ ಗೊತ್ತಾಗುತ್ತದೆ.

ಅವಳ ಜೊತೆ ಕೆಲಸ ಮಾಡುವ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿಕೊಟ್ಟಿದ್ದರು: "ಹತ್ತು ವರ್ಷದಿಂದ ಇಲ್ಲಿರುವ ನನ್ನ ಹೆಸರಿನಲ್ಲಿ ವಿಮೆ ಮಾಡಿಸು, ನಿನ್ನ ಹೆಸರನ್ನು ಎರಡನೇ ಚಾಲಕಿಯಾಗಿ ಸೇರಿಸು, ಅರ್ಧಕ್ಕೆ ಅರ್ಧ ಉಳಿಯುತ್ತದೆ." ನಾನು ಬೇಡವೆಂದೆ. ದಿನವೂ ಓಡಿಸುವವರ ಹೆಸರನ್ನು ಹಿಂದೆ ಹಾಕಿ ಬೇರೆಯವರನ್ನು ಮುಖ್ಯ ಚಾಲಕರೆಂದು ತೋರಿಸುವುದನ್ನು ಅಲ್ಲಿ ವಂಚನೆ ಎಂದೇ ಪರಿಗಣಿಸುತ್ತಾರೆ. ಪ್ರೀಮಿಯಂ ತೆಗೆದುಕೊಳ್ಳುವಾಗ ಯಾರೂ ಕೇಳುವುದಿಲ್ಲ, ಗಾಡಿ ಗುದ್ದಿದ ದಿನ ಎಲ್ಲವನ್ನೂ ಕೇಳುತ್ತಾರೆ. ವಿಮಾ ಸರ್ವೇಯರ್‌ಗಳ ಜೊತೆ ಇಷ್ಟು ವರ್ಷ ಮಾತಾಡಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಕಡೆ ಹಣ ಉಳಿಸಲು ಹೋಗಬಾರದು. ಗಾಡಿಯ ಬಳಕೆ ಯಾವುದಕ್ಕೆ ಎಂದು ಅರ್ಜಿಯಲ್ಲಿ ಕೇಳುತ್ತಾರೆ: ಸ್ವಂತ ಓಡಾಟಕ್ಕೆ ಮಾತ್ರವೇ, ಕೆಲಸಕ್ಕೆ ಹೋಗಿ ಬರಲಿಕ್ಕೂ ಸೇರಿಯೇ, ಅಥವಾ ಕೆಲಸದ ಸಲುವಾಗಿಯೇ ಓಡಾಡಲಿಕ್ಕೂ ಬೇಕೇ? ಅವಳು ಎರಡನೆಯದನ್ನು ಆರಿಸಿಕೊಂಡಿದ್ದಳು. "ಪುಟ್ಟಿ, ಆ ಇನ್ನೊಂದು ಆಸ್ಪತ್ರೆಗೆ ಕಳುಹಿಸುತ್ತಾರಲ್ಲ, ಅದು ಇದರಲ್ಲಿ ಬರುತ್ತದೆಯೇ ಕೇಳು" ಎಂದೆ. ಬರುವುದಿಲ್ಲವಂತೆ. ಒಂದೇ ಕೆಲಸದ ಜಾಗಕ್ಕೆ ಹೋಗಿ ಬರುವುದು ಒಂದು ವರ್ಗ, ಒಂದಕ್ಕಿಂತ ಹೆಚ್ಚು ಜಾಗಗಳಿಗೆ ಓಡಾಡುವುದು ಇನ್ನೊಂದು. ವರ್ಗ ಬದಲಿಸಿದ್ದಕ್ಕೆ 38 ಪೌಂಡ್ ಹೆಚ್ಚಾಯಿತು. ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸಕ್ಕೆ ಹೋದ ಮಕ್ಕಳಂತೂ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಕ್ಲೇಮ್ ಬಂದರೆ ನಮ್ಮ ಕೈಯಿಂದ ಹಾಕಬೇಕಾದ ಮೊತ್ತ ಅವಳ ಪಾಲಿಸಿಯಲ್ಲಿ ಒಟ್ಟು 450 ಪೌಂಡ್. ಇಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಹಾಕಬೇಕಾದದ್ದು ಸಾವಿರ ರೂಪಾಯಿ. ಸಣ್ಣಪುಟ್ಟ ಗೀರಿಗೆ ಅಲ್ಲಿ ಯಾರೂ ಕ್ಲೇಮಿಗೆ ಹೋಗುವುದಿಲ್ಲ ಎಂಬುದರ ಕಾರಣ ಈಗ ತಿಳಿಯಿತು. ಕಂತಿನಲ್ಲಿ ಕಟ್ಟುವುದೆಂದರೆ ಸಾಲ, ಬಡ್ಡಿ ಬೀಳುತ್ತದೆ. ಅಲ್ಲಿ ಸಾಲದ ಇತಿಹಾಸವೇ ಇಲ್ಲದ ಹೊಸಬರಿಗೆ ಕಂತು ಸಿಗುವುದೂ ಕಷ್ಟ. ಒಂದೇ ಸಲ ಕಟ್ಟಿದಳು.

ಈಗ ಗಾಡಿಯ ಮಾತು. ಇಲ್ಲಿ ನನಗೆ ಅಲ್ಲಿನ ವ್ಯವಸ್ಥೆಯ ಮೇಲೆ ಹೊಟ್ಟೆಕಿಚ್ಚಾಯಿತು. ಮೂರು ವರ್ಷ ತುಂಬಿದ ಕಾರಿಗೆ ಅಲ್ಲಿ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಕಡ್ಡಾಯ. ನಮ್ಮ ಸ್ವಂತ ಬಳಕೆಯ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕಾದದ್ದು 15 ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಎಮಿಷನ್ ಟೆಸ್ಟ್ ಚೀಟಿ ಒಂದಿದ್ದರೆ ಆಯಿತು. ಅಲ್ಲಿ ಬ್ರೇಕು, ಸಸ್ಪೆನ್ಷನ್, ಟೈರು, ತುಕ್ಕು, ಹೊಗೆ ಎಲ್ಲವನ್ನೂ ನೋಡುತ್ತಾರೆ. ನೋಡಿದ್ದನ್ನು ಸರ್ಕಾರದ ತಾಣದಲ್ಲಿ ಯಾರು ಬೇಕಾದರೂ ಓದುವಂತೆ, ಬಿಡಿಗಾಸೂ ಕೇಳದೆ, ಹಾಕಿಬಿಡುತ್ತಾರೆ. ನೋಂದಣಿ ಸಂಖ್ಯೆ ಒತ್ತಿದರೆ ಗಾಡಿಯ ಜಾತಕವೇ ತೆರೆದುಕೊಳ್ಳುತ್ತದೆ. ಯಾವ ವರ್ಷ ಫೇಲಾಯಿತು, ಏಕೆ ಫೇಲಾಯಿತು, ಪಾಸಾದಾಗಲೂ ಯಾವುದರ ಮೇಲೆ ಕಣ್ಣಿಡಿ ಎಂದರು, ಆ ದಿನ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಎಲ್ಲವೂ. ಮೀಟರ್ ತಿರುಗಿಸಿದ ಗಾಡಿಗಳನ್ನು ಪೆಡಲ್ ರಬ್ಬರ್ ಸವೆದಿರುವುದನ್ನು, ಸ್ಟೀರಿಂಗ್ ಹೊಳಪು ಬಂದಿರುವುದನ್ನು ನೋಡಿ ಊಹಿಸುತ್ತಾ ಬಂದವನು ನಾನು. ಅಂಥ ಕೆಲಸಕ್ಕೆ ಅಲ್ಲಿ ಕೂಲಿಯೇ ಸಿಗುವುದಿಲ್ಲ.

ಈ ಜಾಝ್ 2012ರದ್ದು, 71,000 ಮೈಲಿ, ಅಂದರೆ ಸುಮಾರು 1.14 ಲಕ್ಷ ಕಿಲೋಮೀಟರ್. ಬೆಲೆ 4,200 ಪೌಂಡ್. ವರ್ಷಕ್ಕೆ ಆರು ಸಾವಿರ ಮೈಲಿಯ ಆಸುಪಾಸಿನಲ್ಲಿ ಓಡಿದೆ, ಕೋವಿಡ್ ವರ್ಷದಲ್ಲಿ ಕಡಿಮೆ. ಒಮ್ಮೆ ಮುಂದಿನ ಲೋಯರ್ ಆರ್ಮ್ ಬುಷ್ ಹೋಗಿ ಫೇಲಾಗಿ, ಅದೇ ವಾರ ಪಾಸಾಗಿದೆ. ಅಂದರೆ ಮಾಲೀಕ ತಳ್ಳಿಹಾಕದೆ ಕೆಲಸ ಮಾಡಿಸಿದ್ದಾನೆ. ಎಂಜಿನ್ ನನಗೆ ಹೊಸದಲ್ಲ. ನಮ್ಮಲ್ಲಿ 2009ರಲ್ಲಿ ಬಂದ ಜಾಝ್‌ನಲ್ಲೂ ಆಮೇಲೆ ಬ್ರಿಯೊದಲ್ಲೂ ಇದ್ದ ಅದೇ 1.2 ಐ-ವಿಟೆಕ್. ಬೆಲ್ಟಿಲ್ಲ, ಚೈನು. ಹೊತ್ತಿಗೆ ಆಯಿಲ್ ಬದಲಿಸಿ, ಟ್ಯಾಪೆಟ್ ಸರಿಮಾಡಿಸುತ್ತಿದ್ದರೆ ಅದು ಸುಲಭಕ್ಕೆ ಸೋಲುವ ಎಂಜಿನ್ ಅಲ್ಲ. ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲಕ್ಕೆ ಮಡಚಿದರೆ ಸೈಕಲ್ಲೇ ನಿಲ್ಲುವಷ್ಟು ಜಾಗ; ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟುಗಳ ಕೆಳಗೆ ಇಟ್ಟಿರುವ ಜಾಣತನ ಅದು.

ನನಗೆ ಭಯವಿದ್ದದ್ದು ತುಕ್ಕಿನದು. ಹಾಸನದಲ್ಲಿ ನಾವು ಗಾಡಿ ಕೊಳ್ಳುವಾಗ ಅದು ಎಲ್ಲಿ ಓಡಿದೆ ಎಂದು ಕೇಳಿಯೇ ಕೇಳುತ್ತೇವೆ. ಎಸ್ಟೇಟಿನ ಗಾಡಿಯಾದರೆ ಕ್ಲಚ್, ಸಸ್ಪೆನ್ಷನ್ ಮುಗಿದಿರುತ್ತದೆ. ಘಟ್ಟದ ಕೆಳಗೆ, ಮಂಗಳೂರು ಕಡೆ ಓಡಿದ್ದಾದರೆ ಉಪ್ಪುಗಾಳಿಗೆ ಬಾಗಿಲಿನ ಅಂಚು, ತಳ ತಿಂದಿರುತ್ತದೆ. ಇಂಗ್ಲೆಂಡಿನಲ್ಲಿ ಉಪ್ಪು ಗಾಳಿಯಿಂದ ಬರಬೇಕಾಗಿಲ್ಲ. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಲಾರಿಗಳಲ್ಲಿ ತಂದು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಯ ಅಡಿಗೆ ಎರಚಿಕೊಂಡು ಬ್ರೇಕ್ ಪೈಪು, ಹಿಂದಿನ ಆಕ್ಸಲ್, ಬಾಗಿಲ ಕೆಳಗಿನ ಪಟ್ಟಿಗಳನ್ನು ತಿನ್ನುತ್ತದೆ. ಮೇಲೆ ಪಾಲಿಶ್ ಮಿಂಚುತ್ತಿರುತ್ತದೆ.

ನೋಡಲು ಹೋದದ್ದು ಶನಿವಾರ, ಅಲ್ಲಿ ಬೆಳಗ್ಗೆ ಹನ್ನೊಂದು, ಇಲ್ಲಿ ಸಂಜೆ ನಾಲ್ಕೂವರೆ. ಹಿಂದಿನ ದಿನವೇ ಅಂಗಡಿಗೆ ಫೋನ್ ಮಾಡಿಸಿ "ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿಸಿದ್ದೆ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಲು ಹೇಳಿದೆ. ಬಿಸಿ ಇದ್ದಿದ್ದರೆ, ಸದ್ದು ಮುಚ್ಚಲು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾನೆಂದು, ಅಲ್ಲಿಂದಲೇ ವಾಪಸು ಬರಲು ಹೇಳುತ್ತಿದ್ದೆ, ತಣ್ಣಗಿತ್ತು. ಫೋನನ್ನು ಎಂಜಿನ್ ಹತ್ತಿರ ಹಿಡಿದು ಸ್ಟಾರ್ಟ್ ಮಾಡಿಸಿದೆ. ಚೈನಿನ ಗಲಗಲ ಇಲ್ಲ, ಸ್ವಲ್ಪ ಟ್ಯಾಪೆಟ್ ಸದ್ದು, ಬಿಸಿಯಾದ ಮೇಲೆ ಅದೂ ಕಡಿಮೆ. ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥ ಬಿಳಿ ಇಲ್ಲ. ಆಮೇಲೆ "ಸೆಲ್ಫಿ ಕಡ್ಡಿಗೆ ಸಿಕ್ಕಿಸಿ ಕೆಳಗೆ ತೂರಿಸು" ಎಂದೆ. ಅಂಗಡಿಯವನು ನಕ್ಕನಂತೆ, ನಗಲಿ. ಬ್ರೇಕ್ ಪೈಪಿನ ಮೇಲೆ ತೆಳುವಾದ ತುಕ್ಕು ಇತ್ತು, ಎಂಒಟಿಯಲ್ಲೂ ಅದನ್ನು ಬರೆದಿದ್ದರು. ಆಕ್ಸಲ್ ಗಟ್ಟಿ. ಹೊಗೆ ಶುದ್ಧಮಾಡುವ ಕೆಟಾಲಿಟಿಕ್ ಕನ್ವರ್ಟರ್ ಇದ್ದ ಜಾಗದಲ್ಲೇ ಇದೆ. ಹಳೆಯ ಜಾಝ್‌ಗಳದ್ದನ್ನು ಕತ್ತರಿಸಿ ಕದಿಯುವವರು ಅಲ್ಲಿದ್ದಾರೆ, ಆದ್ದರಿಂದ ಅದನ್ನೂ ನೋಡಲೇಬೇಕು. ಭಾರತದ ಲೈಸೆನ್ಸಿಗೆ ತನ್ನ ಅಂಗಡಿಯ ವಿಮೆ ಅನ್ವಯಿಸುವುದಿಲ್ಲವೆಂದು ಟೆಸ್ಟ್ ಡ್ರೈವಿನಲ್ಲಿ ಅವನೇ ಓಡಿಸಿದ, ಇವಳು ಪಕ್ಕದಲ್ಲಿ ಕೂತಳು. ಅದು ನನಗೆ ಇಷ್ಟವಾಗಲಿಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಓಡಿಸುವವರ ಕಾಲಿಗೇ ಗೊತ್ತಾಗಬೇಕು. ಕೊನೆಗೆ ಅಂಗಡಿಯ ಅಂಗಳದೊಳಗೆ ಹಿಂದೆ ಮುಂದೆ ಮಾಡಲು ಬಿಟ್ಟ.

ಕಾಗದಪತ್ರದಲ್ಲಿ ಎರಡು ಸಂಗತಿ. ನಮ್ಮ ಆರ್‌ಸಿಯಲ್ಲಿ ಸಾಲವಿದ್ದರೆ ಬ್ಯಾಂಕಿನ ಹೆಸರು ನಮೂದಾಗಿರುತ್ತದೆ. ಅಲ್ಲಿನ ವಿ5ಸಿ ಎಂಬ ನೋಂದಣಿ ಪತ್ರದಲ್ಲಿ ಅದಿರುವುದಿಲ್ಲ. ಅದು ಮಾಲೀಕತ್ವದ ಸಾಕ್ಷಿಯೂ ಅಲ್ಲವೆಂದು ಅದರ ಮೇಲೆಯೇ ಅಚ್ಚಾಗಿದೆ. ಆದ್ದರಿಂದ ಸಾಲ, ಕಳವು, ಅಪಘಾತದ ದಾಖಲೆ ತೋರಿಸುವ ವರದಿಯನ್ನು ಸ್ವಲ್ಪ ಹಣ ಕೊಟ್ಟು ತೆಗೆಸಲೇಬೇಕು. ಅಪಘಾತವಾಗಿ ವಿಮಾ ಕಂಪನಿ ಕೈಬಿಟ್ಟು, ಆಮೇಲೆ ರಿಪೇರಿಯಾಗಿ ಮಾರಾಟಕ್ಕೆ ಬಂದ ಗಾಡಿಗೆ 2017ರಿಂದ ಎಸ್ ಅಥವಾ ಎನ್ ವರ್ಗ ಎನ್ನುತ್ತಾರೆ. ಎಸ್ ಎಂದರೆ ಚಾಸಿಗೇ ಪೆಟ್ಟು ಬಿದ್ದಿತ್ತು ಎಂದರ್ಥ. ಬೆಲೆ ಆಸೆ ಹುಟ್ಟಿಸುವಂತಿರುತ್ತದೆ. ನಮ್ಮ ಹಾಸನದಲ್ಲಿ ಟಿಂಕರಿಂಗ್ ಮಾಡಿ ಬಣ್ಣ ಹೊಡೆದರೆ ಕಥೆ ಮುಗಿಯಿತು, ಅಲ್ಲಿ ಅದು ದಾಖಲೆಯಲ್ಲಿ ಉಳಿಯುತ್ತದೆ. ಇನ್ನು ರಸ್ತೆ ತೆರಿಗೆ: ಹಳೆಯ ಮಾಲೀಕ ಕಟ್ಟಿದ್ದು ಹೊಸಬರಿಗೆ ಬರುವುದಿಲ್ಲ. ವಿ5ಸಿಯಿಂದ ಹರಿದು ಕೊಡುವ ಹಸಿರು ಚೀಟಿಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ, ಅದನ್ನು ಹಾಕಿ ಅಂಗಡಿಯಲ್ಲಿ ನಿಂತೇ ಕಟ್ಟಿದಳು. ವಿಮೆ, ತೆರಿಗೆ ಎರಡೂ ಆದ ಮೇಲೆಯೇ ಗಾಡಿ ರಸ್ತೆಗೆ ಇಳಿಯಬಹುದು.

ಅಂಗಡಿಯವನ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. ಎಲ್ಲ ಮುಗಿದು ಕಾರ್ಡ್ ಉಜ್ಜುವ ಹೊತ್ತಿಗೆ "ಕಾಗದದ ಖರ್ಚು 99 ಪೌಂಡ್" ಎಂದ. ಜಾಹೀರಾತಿನಲ್ಲಿ ಅದು ಇರಲಿಲ್ಲ. ಮಗಳು ಜಗಳಗಂಟಿಯಲ್ಲ, ನಾನು ಫೋನಿನಲ್ಲೇ ಕನ್ನಡದಲ್ಲಿ ಕೂಗಾಡಿದ್ದು ಅವನಿಗೆ ಏನು ಅರ್ಥವಾಯಿತೋ, 99 ಪೌಂಡ್ ಬಿಟ್ಟ. ಎರಡನೇ ವಾರದಲ್ಲಿ ಹಿಂದಿನ ಎಡಚಕ್ರದ ಕಡೆಯಿಂದ ಗುಂಯ್ ಎಂಬ ಸದ್ದು ಶುರುವಾಯಿತು. ನಲವತ್ತು ಮೈಲಿ ವೇಗದಲ್ಲಿ, ಪಕ್ಕದಲ್ಲಿ ಕೂತ ಗೆಳತಿಯಿಂದ ರೆಕಾರ್ಡ್ ಮಾಡಿಸಿ ಕಳುಹಿಸಿದಳು. ಬಲಕ್ಕೆ ತಿರುಗಿದಾಗ ಹೆಚ್ಚು, ಎಡಕ್ಕೆ ತಿರುಗಿದಾಗ ಕಡಿಮೆ. ವೀಲ್ ಬೇರಿಂಗ್, ಅನುಮಾನವೇ ಇಲ್ಲ. ಅಂಗಡಿಯವನು ಮೊದಲು "ಟೈರಿನ ಸದ್ದು" ಎಂದ, ಆಮೇಲೆ "ಹಳೆಯ ಗಾಡಿಯಲ್ಲವೇ" ಎಂದ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ವ್ಯಾಪಾರಿಯಿಂದ ಕೊಂಡ ಗಾಡಿಯಲ್ಲಿ ಕೊಳ್ಳುವಾಗಲೇ ದೋಷವಿದ್ದರೆ 30 ದಿನದೊಳಗೆ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ಹಕ್ಕಿಲ್ಲ. ನಾಲ್ಕುನೂರು ಪೌಂಡ್ ಹೆಚ್ಚಾದರೂ ಅಂಗಡಿಯಲ್ಲೇ ಕೊಳ್ಳು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಕಾಯ್ದೆಯ ಹೆಸರು ಬರೆದು ಇಮೇಲ್ ಕಳುಹಿಸಿದಳು. ಮರುದಿನವೇ ಗಾಡಿ ತರಲು ಹೇಳಿ, ಬೇರಿಂಗ್ ಬದಲಿಸಿ, ಒಂದು ಪೌಂಡೂ ತೆಗೆದುಕೊಳ್ಳದೆ ಕಳುಹಿಸಿದ. ಹಳೆಯ ಬೇರಿಂಗ್ ತೋರಿಸಲು ಕೇಳು ಎಂದಿದ್ದೆ, ತೋರಿಸಿದ. ಅಷ್ಟರಮಟ್ಟಿಗೆ ಅವನಿಗೆ ಅಂಕ ಕೊಡುತ್ತೇನೆ.

ವಿಮೆಯ ಜೊತೆ ಬಂದ ಆ್ಯಪ್ ಒಂದು ಬಾಲ. ಗಾಡಿಯ ಗಾಜಿಗೆ ಸಣ್ಣ ಬಿಲ್ಲೆ ಅಂಟಿಸುತ್ತಾರೆ. ವೇಗ, ಬ್ರೇಕ್, ತಿರುವು, ಓಡಿಸಿದ ಹೊತ್ತು ಎಲ್ಲವನ್ನೂ ಫೋನು ಕಂಪನಿಗೆ ಹೇಳುತ್ತದೆ. ತಡರಾತ್ರಿ ಓಡಿಸಿದರೆ ಅಂಕ ಕಡಿಮೆ ಎಂದು ಓದಿ, ರಾತ್ರಿ ಪಾಳಿಯವಳ ಗತಿಯೇನು ಎಂದು ಯೋಚಿಸಿದೆ. ರಾತ್ರಿ ಪಾಳಿಗೆ ಅವಳು ಹೋಗುವುದು ಸಂಜೆ ಏಳಕ್ಕೆ, ಬರುವುದು ಬೆಳಗ್ಗೆ ಎಂಟಕ್ಕೆ. ಗಾಡಿ ರಾತ್ರಿಯಿಡೀ ನಿಂತಿರುತ್ತದೆ, ತೊಂದರೆಯಾಗಲಿಲ್ಲ. ಅಂಕ ಕಳೆದುಕೊಂಡದ್ದೆಲ್ಲ ಬ್ರೇಕಿಗೆ. ನಮ್ಮ ಕಡೆ ಕಲಿತವರ ಕಾಲು ಹಾಗೆಯೇ: ದನ, ಆಟೊ, ಹಂಪ್ ಏನು ಎದುರಾಗುತ್ತದೋ ಎಂದು ಒಮ್ಮೆಲೇ ಒತ್ತುತ್ತದೆ. ಈಗ ನೂರಕ್ಕೆ 86ರಲ್ಲಿದ್ದಾಳೆ.

ಉಳಿದಿರುವುದು ಲೈಸೆನ್ಸ್. ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ, ಆಮೇಲೆ ಅವರದ್ದೇ ಬೇಕು. ನಮ್ಮದನ್ನು ಕೊಟ್ಟು ಅವರದ್ದನ್ನು ಪಡೆಯುವ ಸೌಲಭ್ಯ ಭಾರತದವರಿಗಿಲ್ಲ, ಪರೀಕ್ಷೆಯೇ ಗತಿ. ಥಿಯರಿಯಲ್ಲಿ 50ಕ್ಕೆ 43 ಸರಿಯಾಗಬೇಕು, ಅದು ಮುಗಿಸಿದ್ದಾಳೆ. ಓಡಿಸಿ ತೋರಿಸುವ ಪರೀಕ್ಷೆಗೆ ತಿಂಗಳುಗಟ್ಟಲೆ ಮುಂದಿನ ದಿನಾಂಕವೇ ಸಿಗುವುದು. ಆದ್ದರಿಂದ ಹೋಗುವ ಮಕ್ಕಳು ಕಾರು ಕೊಳ್ಳುವ ತಿಂಗಳಲ್ಲೇ ಕಲಿಕಾ ಲೈಸೆನ್ಸಿಗೂ ಅರ್ಜಿ ಹಾಕಲಿ.

ಗಾಡಿಗೆ ಹತ್ತರಲ್ಲಿ ಎಂಟು ಕೊಡುತ್ತೇನೆ. ವಿಮೆಗೆ, ದರ ಬಿಟ್ಟು ನೋಡಿದರೆ, ಏಳು. ಅಂಗಡಿಯವನಿಗೆ ಆರು ಕೊಡಬಹುದಿತ್ತು, ಐದಕ್ಕೆ ನಿಲ್ಲಿಸುತ್ತೇನೆ. ಎರಡನೇ ಕೀಲಿ ಹಿಂದಿನ ಮಾಲೀಕರ ಬಳಿ ಇದೆ, ಅಂಚೆಯಲ್ಲಿ ಬರುತ್ತದೆ ಎಂದಿದ್ದ. ಚಿಪ್ ಇರುವ ಕೀಲಿ ಹೊಸದಾಗಿ ಮಾಡಿಸಲು ಅಲ್ಲಿ 160 ಪೌಂಡ್ ಕೇಳುತ್ತಿದ್ದಾರೆ. ಇದುವರೆಗೂ ಅಂಚೆಯಲ್ಲಿ ಏನೂ ಬಂದಿಲ್ಲ.